ತಂತಿ ಕೊಂಡ ಊರು

ಜರ್ಮನಿಯಲ್ಲಿ ಹೊಸ ಮನೆಗೆ ಹೋದವರು ಬೇಗನೆ ತೀರ್ಮಾನಿಸಬೇಕಾದ ಸಂಗತಿಗಳಲ್ಲಿ ಒಂದು, ಕರೆಂಟನ್ನು ಯಾರಿಂದ ಕೊಳ್ಳುವುದು ಎಂಬುದು. ನಮ್ಮ ಕಡೆ ಬೆಸ್ಕಾಂ, ಹೆಸ್ಕಾಂ ಎಂದರೆ ಮುಗಿಯಿತು. ಇಲ್ಲಿ ನೂರಾರು ಮಾರಾಟಗಾರರಿದ್ದಾರೆ. ಗೋಡೆಯ ಪ್ಲಗ್ಗು ಅದೇ, ತಂತಿ ಅದೇ, ಬಿಲ್ಲು ಕಳಿಸುವವರು ಮಾತ್ರ ಬೇರೆ. ಈ ಆಯ್ಕೆ ಜನರಿಗೆ ಸಿಕ್ಕಿದ್ದು 1998ರ ಕಾನೂನಿನಿಂದ. ಅದಕ್ಕೂ ಮೊದಲು ಇಲ್ಲಿಯೂ ಒಂದು ಪ್ರದೇಶಕ್ಕೆ ಒಂದೇ ಕಂಪನಿ. ಅಂಥ ಕಾಲದಲ್ಲೇ ಕಪ್ಪುಕಾಡಿನ ಬೆಟ್ಟಗಳ ನಡುವಿನ ಷೋನೌ ಎಂಬ ಸುಮಾರು ಎರಡೂವರೆ ಸಾವಿರ ಜನರ ಊರು ತನ್ನ ವಿದ್ಯುತ್ ಜಾಲವನ್ನೇ ಕೊಂಡುಕೊಂಡಿತು. ಹವಾಮಾನದ ಮಾತು ಬಂದಾಗ ‘ನಾನೊಬ್ಬ ದೀಪ ಆರಿಸಿದರೆ ಏನಾಗುತ್ತೆ’ ಎನ್ನುವವರಿಗೂ, ‘ಎಲ್ಲಾ ಸರ್ಕಾರವೇ ಮಾಡಬೇಕು’ ಎನ್ನುವವರಿಗೂ ನಾನು ಹೇಳುವುದು ಈ ಊರಿನ ಕಥೆಯನ್ನೇ.

ಅದು ಶುರುವಾಗಿದ್ದು ಹವಾಮಾನದಿಂದಲ್ಲ, ಹಾಲಿನಿಂದ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಕೆಲವೇ ದಿನಗಳಲ್ಲಿ ವಿಕಿರಣ ಹೊತ್ತ ಮಳೆ ದಕ್ಷಿಣ ಜರ್ಮನಿಯ ಮೇಲೆ ಸುರಿಯಿತು. ಮಕ್ಕಳಿಗೆ ಹಾಲು ಕೊಡಬಹುದೆ, ತೋಟದ ಸೊಪ್ಪು ತಿನ್ನಬಹುದೆ, ಹೊರಗೆ ಮರಳಿನಲ್ಲಿ ಆಡಲು ಬಿಡಬಹುದೆ ಎಂಬುದು ಮನೆಮನೆಯ ಪ್ರಶ್ನೆಯಾಯಿತು. ಷೋನೌ ಊರಿನ ವೈದ್ಯ ಮಿಖಾಯೆಲ್ ಸ್ಲಾಡೆಕ್, ಅವರ ಹೆಂಡತಿ, ಐದು ಮಕ್ಕಳ ತಾಯಿ ಉರ್ಸುಲಾ ಮತ್ತು ಇನ್ನಷ್ಟು ತಂದೆತಾಯಂದಿರು ಸೇರಿ ಒಂದು ಗುಂಪು ಕಟ್ಟಿಕೊಂಡರು. ಅಣುಶಕ್ತಿ ಬೇಡ ಎನ್ನುವವರು ಮೊದಲು ಕಡಿಮೆ ಕರೆಂಟಿನಲ್ಲಿ ಬಾಳಿ ತೋರಿಸಬೇಕಲ್ಲ? ಹಾಗಾಗಿ ಊರಿನಲ್ಲಿ ವಿದ್ಯುತ್ ಉಳಿತಾಯದ ಸ್ಪರ್ಧೆ ಇಟ್ಟರು. ಯಾರ ಮೀಟರು ಹೆಚ್ಚು ನಿಧಾನವಾಗುತ್ತದೋ ಅವರಿಗೆ ಬಹುಮಾನ.

ಇಲ್ಲಿಯವರೆಗಿನದು ಮನೆಯೊಳಗಿನ ಕೆಲಸ. ಆದರೆ ಮೀಟರನ್ನು ದಿನಾ ನೋಡುವವರಿಗೆ ಬಿಲ್ಲನ್ನೂ ಓದುವ ಅಭ್ಯಾಸವಾಗುತ್ತದೆ. ಬಿಲ್ಲಿನಲ್ಲಿ ನಿಗದಿತ ಶುಲ್ಕವೊಂದಿತ್ತು. ಎಷ್ಟು ಉಳಿಸಿದರೂ ಅದು ಇಳಿಯದು. ಹೆಚ್ಚು ಬಳಸಿದವರಿಗೆ ಯೂನಿಟ್ಟು ಅಗ್ಗ, ಉಳಿಸಿದವರಿಗೆ ದುಬಾರಿ. ದರದ ರೀತಿ ಬದಲಿಸಿ, ಸಣ್ಣ ಉತ್ಪಾದಕರಿಗೆ ಒಳ್ಳೆಯ ಬೆಲೆ ಕೊಡಿ ಎಂದು ಗುಂಪು ರೈನ್‌ಫೆಲ್ಡನ್‌ನ ವಿದ್ಯುತ್ ಕಂಪನಿಯನ್ನು ಕೇಳಿತು. ಕಂಪನಿ ಒಪ್ಪಲಿಲ್ಲ. ಕರೆಂಟು ಮಾರುವವರು ಕರೆಂಟು ಉಳಿಸುವವರಿಗೆ ಯಾಕೆ ನೆರವಾಗಬೇಕು? ತಂತಿ ಯಾರದೋ ಮಾತು ಅವರದು ಎಂಬುದು ಇವರಿಗೆ ತಿಳಿದದ್ದು ಆಗ. ಉಳಿತಾಯಕ್ಕೆ ಕೈಹಾಕದೆ ಬರೀ ಮೆರವಣಿಗೆ ಹೊರಡಿಸಿದ್ದರೆ ಇದು ಅಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಜರ್ಮನಿಯಲ್ಲಿ ರಸ್ತೆಯಡಿ ತಂತಿ ಎಳೆಯುವ ಹಕ್ಕನ್ನು ಕಂಪನಿಗೆ ಕೊಡುವುದು ಊರಿನ ಪುರಸಭೆ. ಆ ಕರಾರು ಮುಗಿಯಲು ಇನ್ನೂ ವರ್ಷಗಳಿದ್ದಾಗಲೇ, ಈಗಲೇ ನವೀಕರಿಸಿದರೆ ಊರಿಗೆ ಒಂದು ಲಕ್ಷ ಮಾರ್ಕ್ ಕೊಡುವುದಾಗಿ ಕಂಪನಿ ಹೇಳಿತು. ಅಷ್ಟೇ ಹಣವನ್ನು ತಾವೇ ಕೂಡಿಸಿ ಕೊಡುತ್ತೇವೆ, ಅವಸರ ಮಾಡಬೇಡಿ ಎಂದು ನಾಗರಿಕರು ಕೇಳಿಕೊಂಡರೂ 1991ರಲ್ಲಿ ಪುರಸಭೆ ಕಂಪನಿಯ ಪರ ಮತ ಹಾಕಿತು. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1956ರಿಂದಲೂ ಒಂದು ಸೌಲಭ್ಯವಿದೆ: ಸಾಕಷ್ಟು ಸಹಿ ಕೂಡಿಸಿದರೆ ಪುರಸಭೆಯ ತೀರ್ಮಾನವನ್ನು ಊರಿನವರೇ ಮತಕ್ಕೆ ಹಾಕಬಹುದು. ಆ ಅಕ್ಟೋಬರ್‌ನಲ್ಲಿ ಮತದಾನ ನಡೆದು ತೀರ್ಮಾನ ಬಿದ್ದುಹೋಯಿತು. ನಾಗರಿಕರ ಕಡೆಗೆ 55.7 ಶೇಕಡಾ.

ಸುಮಾರು ಅದೇ ಹೊತ್ತಿಗೆ ನಮ್ಮಲ್ಲಿ ಕೈಗಾ ಸ್ಥಾವರದ ವಿರುದ್ಧ ಹೋರಾಟ ನಡೆದಿತ್ತು. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ನಿಂತು ಸೋತರು. ಷೋನೌಗಿಂತ ಅಲ್ಲಿ ಧೈರ್ಯವೇನೂ ಕಡಿಮೆ ಇರಲಿಲ್ಲ. ಆ ಒಂದು ಪ್ರಶ್ನೆಯನ್ನು ಮಾತ್ರ ಜನರ ಮುಂದಿಟ್ಟು ಹೌದೋ ಅಲ್ಲವೋ ಎಂದು ಕೇಳುವ ಮತಪೆಟ್ಟಿಗೆ ಇರಲಿಲ್ಲ, ಅಷ್ಟೆ.

ಷೋನೌ ಜನರು 1994ರಲ್ಲಿ ತಮ್ಮದೇ ವಿದ್ಯುತ್ ಸಂಸ್ಥೆ ಹುಟ್ಟುಹಾಕಿದರು. ಮರುವರ್ಷ ಪುರಸಭೆ ಅವರಿಗೇ ಹಕ್ಕು ಕೊಟ್ಟಿತು. ಈ ಬಾರಿ ಎದುರಾಳಿಗಳು ಸಹಿ ಕೂಡಿಸಿದರು. 1996ರ ಮಾರ್ಚ್ 10ರ ಎರಡನೆಯ ಮತದಾನಕ್ಕೆ ಮುಂಚೆ ಊರು ಎರಡಾಯಿತು. ಕರೆಂಟು ಕೈಕೊಟ್ಟರೆ ಹೊಣೆ ಯಾರು, ವೈದ್ಯರಿಗೂ ಟೀಚರಿಗೂ ಟ್ರಾನ್ಸ್‌ಫಾರ್ಮರಿನ ವಿಷಯ ಏನು ಗೊತ್ತು ಎಂಬುದು ಕೇಳತಕ್ಕ ಪ್ರಶ್ನೆಯೇ. ಮನೆಮನೆಗೆ ಹೋಗಿ ಉತ್ತರಿಸಬೇಕಾಯಿತು. ಬಂದದ್ದು 52.4 ಶೇಕಡಾ, ಕೆಲವೇ ಡಜನ್ ಮತ ಈಚೆ ಬಿದ್ದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೆ ಬೆಲೆಯ ಜಗಳ. ಕಂಪನಿ ಜಾಲಕ್ಕೆ 87 ಲಕ್ಷ ಮಾರ್ಕ್ ಕೇಳಿತು. ಇವರ ತಜ್ಞರ ಲೆಕ್ಕ 40 ಲಕ್ಷದ ಆಸುಪಾಸು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಮೊದಲು ಹಣ ಕಟ್ಟಿ ಜಾಲ ಪಡೆದು, ಆಮೇಲೆ ಹೋರಾಡೋಣ ಎಂದು ದೇಶಕ್ಕೇ ಕೈಚಾಚಿದರು. ‘ನಾನೊಬ್ಬ ಅವಘಡ’ ಎಂಬುದು ಆ ಪ್ರಚಾರದ ಘೋಷಣೆ. ಅಣುಸ್ಥಾವರದ ಅವಘಡಕ್ಕೆ ಅಧಿಕಾರಿಗಳು ಬಳಸುವ ಪದವನ್ನೇ ಸಾಮಾನ್ಯ ಜನ ತಮಗೆ ಹಚ್ಚಿಕೊಂಡಿದ್ದರು. ಕಂಪನಿ ಬೆಲೆ ಇಳಿಸಿತು, 60 ಲಕ್ಷಕ್ಕೆ ಸ್ವಲ್ಪ ಕಡಿಮೆಗೆ ವ್ಯವಹಾರ ಮುಗಿಯಿತು, 1997ರ ಜುಲೈ 1ರಂದು ತಂತಿ ಊರಿನ ಕೈಗೆ ಬಂತು. ಆ ಮೊತ್ತವೂ ಹೆಚ್ಚಾಯಿತೆಂದು ಎಷ್ಟೋ ವರ್ಷಗಳ ನಂತರ ತೀರ್ಮಾನವಾಗಿ, ಕಂಪನಿ ಉಳಿದ ಹಣ ಹಿಂತಿರುಗಿಸಬೇಕಾಯಿತು.

1999ರಲ್ಲಿ ಷೋನೌ ಚರ್ಚಿನ ಮಾಡಿನ ಮೇಲೆ ಸೌರಫಲಕಗಳು ಬಂದವು. ಅದೇ ವರ್ಷದಿಂದ ಸಂಸ್ಥೆ ದೇಶದ ಎಲ್ಲೆಡೆ ಕರೆಂಟು ಮಾರತೊಡಗಿತು. ಇಂದು ಗ್ರಾಹಕರು 2 ಲಕ್ಷಕ್ಕೂ ಹೆಚ್ಚು. ಪ್ರತಿ ಯೂನಿಟ್ಟಿಗೆ ಗ್ರಾಹಕರು ಕೊಡುವ ಒಂದಿಷ್ಟು ಚಿಲ್ಲರೆ ಹೊಸ ಸಣ್ಣ ಉತ್ಪಾದನಾ ಘಟಕಗಳಿಗೆ ಹೋಗುತ್ತದೆ. ಹಾಗೆಂದು ಜರ್ಮನಿಯ ವಿದ್ಯುತ್ತಿನಲ್ಲಿ ಗಾಳಿ, ಬಿಸಿಲು, ನೀರು ಮುಂತಾದವುಗಳ ಪಾಲು 2000ದಲ್ಲಿ 6 ಶೇಕಡಾ ಇದ್ದದ್ದು 2023ಕ್ಕೆ ಅರ್ಧ ದಾಟಿದ್ದು ಷೋನೌನಿಂದಲ್ಲ. ಅದರಲ್ಲಿ ದೊಡ್ಡ ಪಾಲು, ಉತ್ಪಾದಕರಿಗೆ 20 ವರ್ಷ ನಿಶ್ಚಿತ ಬೆಲೆ ಕೊಟ್ಟ 2000ದ ಕಾನೂನಿನದು. ಆದರೆ ಆ ಬೆಲೆ ನಂಬಿ ಮಾಡಿನ ಮೇಲೆ ಫಲಕ ಹಾಕಿಸಲು ಸಾಲ ತೆಗೆದವರು ಇಂಥದೇ ಸಾಮಾನ್ಯ ಜನ.

ತಕರಾರು ಇಲ್ಲದೆ ಇಲ್ಲ. 2023ರ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಮೂರು ಅಣುಸ್ಥಾವರಗಳು ಮುಚ್ಚಿದಾಗ ಕಲ್ಲಿದ್ದಲು ಇನ್ನೂ ಉರಿಯುತ್ತಿತ್ತು. ಮೊದಲು ಕಲ್ಲಿದ್ದಲು ನಿಲ್ಲಬೇಕಿತ್ತು ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಷೋನೌ ಹಿರಿಯರನ್ನು ಕೇಳಿದರೆ ಆ ಮಳೆಯ ದಿನಗಳಿಂದಲೇ ಮಾತು ಶುರುಮಾಡಿಯಾರು.

ಸಂಸ್ಥೆ 2009ರಲ್ಲಿ ಸಹಕಾರಿ ಸಂಘವಾಯಿತು. ಜರ್ಮನ್ ಗೆಳೆಯರು ಇದನ್ನು ಹೆಮ್ಮೆಯಿಂದ ಹೇಳುವಾಗ ನಾನು ಬೆಳಗಾವಿ ಜಿಲ್ಲೆಯ ಹೆಸರು ಎತ್ತುತ್ತೇನೆ. ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅದು ಎಲ್ಲಿದೆ ಎಂದು ಅವರು ಫೋನಿನ ನಕ್ಷೆಯಲ್ಲಿ ಹುಡುಕತೊಡಗುತ್ತಾರೆ.