ಒಂದು ತಿರುಪು ಸಡಿಲವಾದರೆ: ಎಂ1 ಗ್ಯಾರಂಡ್ ರೈಫಲ್ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಅದರ ಬರಹ ರೂಪ ಇಲ್ಲಿದೆ. ಇವತ್ತಿನ ವಿಷಯ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಲಿದ್ದ ಎಂ1 ಗ್ಯಾರಂಡ್ ರೈಫಲ್. ಶೌರ್ಯದ ಕಥೆ ಬೇರೆಯವರು ಹೇಳಿದ್ದಾರೆ. ನಾನು ಅದರ ತಿರುಪುಗಳ ಬಗ್ಗೆ ಮಾತಾಡ್ತೀನಿ.

ಹಳೆಯ ರೈಫಲ್‌ಗಳಲ್ಲಿ ಪ್ರತಿ ಗುಂಡಿಗೂ ಸೈನಿಕ ಕೈಯಾರೆ ಬೋಲ್ಟ್ ಎಳೆದು ತಳ್ಳಬೇಕಿತ್ತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಜಾನ್ ಗ್ಯಾರಂಡ್ ಆ ಕೆಲಸವನ್ನು ಸಿಡಿಮದ್ದಿನ ಅನಿಲಕ್ಕೇ ವಹಿಸಿದರು. ಗುಂಡಿನ ಹಿಂದೆ ಬರುವ ಅನಿಲ ಸ್ವಲ್ಪ ಪಾಲು ನಳಿಗೆಯ ಕೆಳಗಿನ ಸಿಲಿಂಡರಿಗೆ ನುಗ್ಗಿ ಒಂದು ಸರಳನ್ನು ಹಿಂದಕ್ಕೆ ತಳ್ಳುತ್ತೆ. ಖಾಲಿ ತೋಟೆ ಹೊರಗೆ, ಹೊಸದು ಒಳಗೆ. ಟ್ರಿಗರ್ ಒತ್ತಿದ ಪ್ರತಿ ಸಲ ಒಂದು ಗುಂಡು, ಒಂದು ಕ್ಲಿಪ್ಪಿಗೆ 8. ಅಮೆರಿಕದ ಸೇನೆ 1936ರಲ್ಲಿ ಇದನ್ನು ಅಂಗೀಕರಿಸಿತು.

ಕೈಗೆ ಬಿಡುವೇನೋ ಸಿಕ್ಕಿತು. ಆದರೆ ಕೆಲಸ ಕಮ್ಮಿಯಾಗಲಿಲ್ಲ, ನಿರ್ವಹಣೆಗೆ ವರ್ಗವಾಯಿತು ಅಷ್ಟೇ! ಸಿಲಿಂಡರಿನ ಮುಂದಿನ ಬಾಯಿ ಮುಚ್ಚುವ ತಿರುಪು ಸಡಿಲವಾದರೆ ಅನಿಲ ಸೋರುತ್ತೆ. ಸರಳು ಪೂರ್ತಿ ಹಿಂದೆ ಬರಲ್ಲ, ಮುಂದಿನ ತೋಟೆ ಒಳಗೆ ಹೋಗಲ್ಲ. ಎದುರಿಗೆ ಶತ್ರು ಇರುವಾಗ ಇದು ಜೀವದ ಪ್ರಶ್ನೆ. ಅದಕ್ಕೇ ಹಿಂಬದಿಯ ಮರದ ಹಿಡಿಯಲ್ಲಿ ರಂಧ್ರ ಕೊರೆದು, ತಿರುಪುಳಿ ಇರುವ ಸಣ್ಣ ಉಪಕರಣ, ಎಣ್ಣೆ ಡಬ್ಬಿ ಇಡೋ ಏರ್ಪಾಡು ಮಾಡಿದ್ದರು. ಮಳೆಗೆ ಎಣ್ಣೆ ತೊಳೆದುಹೋಗುತ್ತೆ ಅಂತ ಗ್ರೀಸೂ ಬಂತು. ಆ ಕಾಲದ ತೋಟೆಗಳ ಪ್ರೈಮರ್ ಬಿಡುತ್ತಿದ್ದ ಲವಣ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಹಾಗಾಗಿ ಗುಂಡು ಹಾರಿಸಿದ ಮೇಲೆ ತೊಳೆಯೋದನ್ನ ನಾಳೆಗೆ ಅಂತ ಬಿಡೋ ಹಾಗಿರಲಿಲ್ಲ.

ನನಗೆ ಇಷ್ಟವಾದದ್ದು ಹಿಂದಿನ ಸೈಟಿನ ಕಥೆ. ಸೈಟ್ ಅಂದರೆ ಗುರಿ ನೋಡುವ ಕಿಂಡಿ. ಗುಂಡಿನ ಒದೆತಕ್ಕೆ ಅದು ಇಟ್ಟ ಜಾಗ ಬಿಟ್ಟು ಜಾರುತ್ತಿತ್ತು. ಮೊದಮೊದಲು ಅದರ ನಟ್ಟನ್ನು ಉಪಕರಣ ಹಿಡಿದೇ ಬಿಗಿ ಮಾಡಬೇಕಿತ್ತು. ಯುದ್ಧದ ನಡುವೆ ಕೈಯಲ್ಲೇ ತಿರುಗಿಸುವ ಬೀಗದ ಪಟ್ಟಿ ಬಂತು. ಸಡಿಲಿಸು, ದೂರಕ್ಕೆ ಹೊಂದಿಸು, ಮತ್ತೆ ಬಿಗಿ ಮಾಡು. ಗಡಿಬಿಡಿಯಲ್ಲಿ ಕೊನೇದು ಮರೆತರೆ? ಸೈಟ್ ಮತ್ತೆ ಜಾರುತ್ತೆ. ಯುದ್ಧ ಮುಗಿಯುವ ಹೊತ್ತಿಗೆ ರೂಪುಗೊಂಡ ಟಿ105 ಮಾದರಿಯಲ್ಲಿ ಒಳಗಿನ ಸ್ಪ್ರಿಂಗೇ ಬಿಗಿ ಹಿಡಿದಿತ್ತು. ಸೈನಿಕ ಹೊಂದಿಸಿದರೆ ಸಾಕು.

ಸಿಲಿಂಡರಿನ ತಿರುಪನ್ನು ನೋಡಿಕೊಳ್ಳುವ ಹೊಣೆ ಮಾತ್ರ ಕೊನೆಯವರೆಗೂ ಸೈನಿಕನದ್ದೇ ಆಗಿತ್ತು.

ರಾತ್ರಿ ಆನ್‌ಕಾಲ್ ಮಾಡುವ ನಮಗೆ ಇದರಲ್ಲೊಂದು ಮಾತಿದೆ. 'ಇನ್ಮೇಲೆ ಹುಷಾರಾಗಿರಿ' ಅಂತ ಮೇಲ್ ಕಳಿಸೋದು ಸುಲಭ. ಯಾವ ಮರೆವನ್ನು ವಿನ್ಯಾಸದಲ್ಲೇ ತಪ್ಪಿಸಬಹುದು, ಯಾವುದನ್ನು ದಿನಾ ಕೈಯಿಂದಲೇ ನೋಡಬೇಕು ಅಂತ ಬೇರ್ಪಡಿಸೋದು ಕಷ್ಟ. ಆ ಸೈಟಿಗೆ ಮೂರು ರೂಪ ಬೇಕಾಯಿತು. ನಿಮ್ಮ ಟೀಮಿನಲ್ಲಿ ಬೀಗದ ಪಟ್ಟಿಯ ಹಂತದಲ್ಲೇ ನಿಂತಿರೋದು ಯಾವುದು? ಕಾಮೆಂಟಿನಲ್ಲಿ ಬರೀರಿ, ಮುಂದಿನ ವಾರ ಸಿಗೋಣ.