ಮುತ್ಯಾನ ಉರ್ದು, ಆಯಿಯ ಕನ್ನಡ

ಬೆಂಗಳೂರಿಗೆ ಬಂದ ಹೊಸದರಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಿಮ್ ಕಡೆ ಕನ್ನಡ ಮಾತಾಡ್ತಾರಾ? ಉರ್ದು ಅಲ್ವಾ?" ನನ್ನದು ಶಹಾಪುರ. ಹಾಸ್ಟೆಲಿನಲ್ಲಿ ಒಂದು ದಿನ "ದವಾಖಾನಿಗಿ ಹೋಗಿ ಜಲ್ದಿ ಬರ್ತೀನಿ" ಅಂದದ್ದಕ್ಕೆ ರೂಮಿನವರೆಲ್ಲ ಬಿದ್ದು ಬಿದ್ದು ನಕ್ಕರು. ಮೂರು ತಿಂಗಳಲ್ಲಿ ನಾನೂ "ಆಸ್ಪತ್ರೆ", "ಬೇಗ" ಎಲ್ಲ ಕಲಿತೆ. ದೀಪಾವಳಿಗೆ ಊರಿಗೆ ಹೋದರೆ ಆಯಿ, "ಏನಪಾ, ರೇಡಿಯೋದಾಗ ಮಾತಾಡಿದಂಗ ಮಾತಾಡ್ಲಿಕತ್ತಿ" ಅಂದಳು. ಎರಡೂ ಕಡೆ ಪೆಟ್ಟು :)

ಆ ನಗು ಆಮೇಲೆ ಮತ್ತೆ ನೆನಪಾದದ್ದು ಸ್ವೀಡನ್ನಿನಲ್ಲಿ. ಕಂಪನಿ ಕೆಲಸದ ಮೇಲೆ ಆರು ತಿಂಗಳು ಲುಂಡ್ ಅನ್ನುವ ಊರಿನಲ್ಲಿದ್ದೆ. ದೇಶದ ದಕ್ಷಿಣ ತುದಿಯಲ್ಲಿರುವ ಸ್ಕೋನೆ ಪ್ರಾಂತ್ಯದ ಊರು ಅದು. ಜೊತೆಗೆ ಕೆಲಸ ಮಾಡುತ್ತಿದ್ದ ಅಲ್ಲಿನ ಹಿರಿಯನೊಬ್ಬ ಊಟದ ಹೊತ್ತಿಗೆ ಗೊಣಗುತ್ತಿದ್ದ: "ಸ್ಟಾಕ್‌ಹೋಮಿಗೆ ಹೋದರೆ, ಗಂಟಲಲ್ಲಿ ಗಂಜಿ ಇಟ್ಟುಕೊಂಡು ಮಾತಾಡ್ತೀರಿ ಅಂತ ನಗ್ತಾರೆ." ನನಗೆ ಕೂಡಲೇ ದವಾಖಾನಿ ನೆನಪಾಯಿತು ನೋಡಿ!

ಸ್ಕೋನೆಯ ಕಥೆ ಕೇಳಿದರೆ ನಮ್ಮದೇ ಅನ್ನಿಸುತ್ತದೆ. ನೂರಾರು ವರ್ಷ ಅದು ಡೆನ್ಮಾರ್ಕಿನ ಸೀಮೆ. ಡೆನ್ಮಾರ್ಕ್ ಯುದ್ಧದಲ್ಲಿ ಸೋತು 1658ರಲ್ಲಿ ರೋಸ್ಕಿಲ್ಡೆ ಒಪ್ಪಂದ ಆದಾಗ, ಕಾಗದದ ಮೇಲೆ ಒಂದು ರುಜು ಬಿದ್ದು ಸ್ಕೋನೆಯ ಜನ ಸ್ವೀಡನ್ನಿನವರಾದರು. 1680ರ ದಶಕದಲ್ಲಿ ಚರ್ಚು, ಶಾಲೆ ಎಲ್ಲ ಸ್ವೀಡಿಷ್‌ಗೆ ತಿರುಗಿದವು. ಲುಂಡ್ ವಿಶ್ವವಿದ್ಯಾಲಯ 1668ರಲ್ಲಿ ಶುರುವಾದದ್ದೂ ಈ ಹೊಸ ಸೀಮೆಯನ್ನು ಸ್ವೀಡನ್ನಿಗೆ ಗಟ್ಟಿಯಾಗಿ ಕಟ್ಟಿಹಾಕಲಿಕ್ಕೆ. ಮನೆಯ ಮಾತು ಮಾತ್ರ ಅಷ್ಟು ಬೇಗ ರಾಜನ ಮಾತು ಕೇಳಲಿಲ್ಲ.

ನಮ್ಮ ಸುರಪುರದ್ದೂ ಹೀಗೇ. ನಾಯಕರ ಸಂಸ್ಥಾನ ಅದು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಕಥೆ ಮುಗಿಯಿತು. 1857ರ ಗದ್ದಲದಲ್ಲಿ ತಮ್ಮ ಪರ ನಿಂತ ನಿಜಾಮರಿಗೆ ಇಂಗ್ಲಿಷರು 1860ರ ಒಪ್ಪಂದದಲ್ಲಿ ಸುರಪುರವನ್ನು ಬಿಟ್ಟುಕೊಟ್ಟರು. ಊರಿನವರನ್ನು ಯಾರೂ ಕೇಳಲಿಲ್ಲ. ಹೈದರಾಬಾದಿನ ಕಚೇರಿಗಳಲ್ಲಿ ಆಗ ನಡೆಯುತ್ತಿದ್ದುದು ಪಾರ್ಸಿ. 1880ರ ದಶಕದಲ್ಲಿ ಪಾರ್ಸಿ ಹೋಗಿ ಉರ್ದು ಬಂತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ನಡೆದದ್ದೂ ಉರ್ದುವಿನಲ್ಲೇ. ಹುಡುಗ ನಾಲ್ಕಕ್ಷರ ಕಲಿತು ನೌಕರಿ ಹಿಡಿಯಬೇಕು ಅಂದರೆ ಉರ್ದು ಬೇಕು. 1948ರ ಸೆಪ್ಟೆಂಬರಿನ ತನಕ ನಮ್ಮ ಕಡೆ ಇದೇ ನಡೆದದ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕನ್ನಡ ಬಂತು. ಅದೂ ಮೈಸೂರಿನ ಕನ್ನಡ.

ಮಾತಿಗೆ ಉರ್ದು ಬೆರೆತದ್ದು ಇಲ್ಲಿಂದ. ಆದರೆ ಬೆರಕೆ ಅಂತ ನಗುವವರು ಸ್ವಲ್ಪ ತಾವೂ ಕನ್ನಡಿ ನೋಡಿಕೊಳ್ಳಲಿ. ರೈತ, ಅರ್ಜಿ, ಜಿಲ್ಲೆ, ತಾಲ್ಲೂಕು, ವಕೀಲ, ಜಮೀನು... ಮೈಸೂರಿನ ಪಠ್ಯಪುಸ್ತಕದಲ್ಲಿರುವ ಈ ಪದಗಳೆಲ್ಲ ಅರಬ್ಬಿ, ಪಾರ್ಸಿಯವೇ. ನಾನು ಅಷ್ಟು ಕಷ್ಟಪಟ್ಟು ಕಲಿತ "ಆಸ್ಪತ್ರೆ" ಕೂಡ ಬಿಳಿಯರ ಹಡಗಿನಲ್ಲಿ ಬಂದದ್ದು! ಸ್ವೀಡಿಷ್ ಏನು ಕಮ್ಮಿ? ಹಿಂದೆ ಜರ್ಮನಿಯ ವ್ಯಾಪಾರಿಗಳು ಅಲ್ಲಿನ ಬಂದರು, ಪೇಟೆಗಳನ್ನು ಹಿಡಿದಿದ್ದಾಗ ಪಟ್ಟಣ, ಸಂದಾಯ, ಕಿಟಕಿ ಇಂಥ ದಿನಬಳಕೆಯ ಪದಗಳೂ ಅವರಿಂದ ಬಂದವು. ಕಿಟಕಿಗೆ ಹಳೆಯ ನಾರ್ಡಿಕ್ ಪದದ ಅರ್ಥ 'ಗಾಳಿಯ ಕಣ್ಣು'. ಎಷ್ಟು ಚೆಂದದ ಪದ! ಸ್ವೀಡಿಷರು ಅದನ್ನು ಬಿಟ್ಟು ಜರ್ಮನ್ ಪದ ಹಿಡಿದರು, ಇಂಗ್ಲಿಷಿನವರು 'ವಿಂಡೋ' ಅಂತ ಅದನ್ನೇ ಇಟ್ಟುಕೊಂಡರು.

ಇನ್ನು ಶುದ್ಧ ಕನ್ನಡ ಯಾವುದು ಅನ್ನುವ ಜಗಳ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ. ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ, ಯಾದಗಿರಿಯಿಂದ ಬಹಳ ದೂರವೇನಲ್ಲ. ನಾನಿದನ್ನು ಹಾಸ್ಟೆಲಿನಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಕಥೆಯೇ ಬೇರೆ. ಕನ್ನಡದ ತಿರುಳು ಅಂತ ಆ ಗ್ರಂಥ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಿನ ಸೀಮೆಯನ್ನು. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ರಾಜನ ಊರು ಅದರಲ್ಲಿಲ್ಲ! ಮಳಖೇಡದಲ್ಲಿ ಕೂತೇ, ಒಳ್ಳೆಯ ಕನ್ನಡ ಬೇರೆ ಕಡೆ ಇದೆ ಅಂತ ಒಪ್ಪಿಕೊಂಡಿದ್ದರು. ಅದೇ ಗ್ರಂಥ ಇನ್ನೊಂದು ಮಾತೂ ಹೇಳುತ್ತದೆ. ಊರೂರಿನ ಕನ್ನಡಗಳು ಎಷ್ಟಿವೆಯೆಂದರೆ, ಸಾವಿರ ನಾಲಿಗೆಯ ವಾಸುಕಿಗೂ ಎಣಿಸಿ ಬೇಸರ ಬಂದೀತು ಅಂತ. ಹಾಗಾಗಿ ನಮ್ಮದೇ ಹಳೆಯದು, ನಮ್ಮದೇ ಶುದ್ಧ ಅನ್ನುವ ಜಂಭ ನಾನು ಬಿಟ್ಟೆ.

ಎಲ್ಲವೂ ಹಳೆಯದಲ್ಲ ಕೂಡ. ನಾವು "ಮನಿ, ತಲಿ, ಎಲಿ" ಅನ್ನುತ್ತೇವೆ. ಹಳಗನ್ನಡದ್ದು "ಮನೆ, ತಲೆ, ಎಲೆ"ಯೇ. ಇಲ್ಲಿ ಬದಲಾದವರು ನಾವು. ಆದರೆ "ಮನ್ಯಾಗ" ತೆಗೆದುಕೊಳ್ಳಿ. ಬೆಂಗಳೂರಿನವರ "ಮನೇಲಿ" ಬಂದದ್ದು 'ಅಲ್ಲಿ'ಯಿಂದ, ನಮ್ಮದು 'ಒಳಗೆ'ಯಿಂದ. ಅದರ ಬೇರು ಹಳಗನ್ನಡದ 'ಒಳ್'. ಆಯಿ ಬಟ್ಟೆಗೆ "ಅರಿವಿ" ಅನ್ನುತ್ತಿದ್ದಳು. ಹಳೆಯ ಕಾವ್ಯಗಳಲ್ಲಿ ಆ ಪದ ಸಿಗುತ್ತದೆ. ಅಲ್ಲಿ 'ಬಟ್ಟೆ' ಅಂದರೆ ದಾರಿ ಅಂತಲೂ ಅರ್ಥ ಇತ್ತು. "ತಗೊಂಡು ಹೋಗು" ಅಂತ ಎರಡು ಪದ ಯಾಕೆ, "ಒಯ್ಯಿ" ಅಂದರೆ ಆಯಿತು. ಸುರಪುರದ ಕಡೆಯ ಮುದನೂರು ದೇವರ ದಾಸಿಮಯ್ಯನ ಊರು ಅನ್ನುತ್ತಾರೆ, ಕೆಂಭಾವಿಯಲ್ಲಿ ಭೋಗಣ್ಣ ಇದ್ದ. ಇಂಥವರು ಆಡುಮಾತಿನ ಹತ್ತಿರ ನಿಂತು ಬರೆದ ಸೀಮೆ ಇದು.

ಸ್ವೀಡನ್ನಿನ ಎಲ್ವ್‌ಡಾಲೆನ್ ಅನ್ನುವ ಕಣಿವೆಯ ಮಾತೂ ಹೀಗೆಯೇ. ಪೇಟೆಯ ಸ್ವೀಡಿಷ್ ಎಂದೋ ಬಿಟ್ಟ ವಿಭಕ್ತಿಯೊಂದು, ಮೂಗಿನಲ್ಲಿ ಹೊರಡುವ ಸ್ವರಗಳು ಅಲ್ಲಿ ಉಳಿದಿವೆ. ಆಡುವವರು ಎರಡು ಮೂರು ಸಾವಿರ ಅಷ್ಟೇ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಮುತ್ಯಾ. ಅವನು ಕಲಿತದ್ದು ಉರ್ದು ಸಾಲಿಯಲ್ಲಿ, ಯಾದಗಿರಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮನೆಯಲ್ಲಿ ಮಾತೆಲ್ಲ ಕನ್ನಡ, ಆದರೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಾಸ್ಟೆಲಿನಿಂದ ನಾನು ಬರೆದ ಕಾಗದಗಳನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳುತ್ತಿದ್ದ. ನಾನು ಅವುಗಳಲ್ಲಿ ಮನಸ್ಸಿನದೇನನ್ನೂ ಬರೆಯಲಿಲ್ಲ. ಆರಾಮ ಇದ್ದೀನಿ, ರೊಕ್ಕ ಕಳಿಸು, ಅಷ್ಟೇ.

ಅವನು ಹೋದ ಮೇಲೆ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು, ಪೂರ್ತಿ ಉರ್ದು. ಹಲವು ವರ್ಷ ಹಾಗೇ ಇತ್ತು. ಹೋದ ಬೇಸಿಗೆಯಲ್ಲಿ ಉರ್ದು ಸಾಲಿಯ ನಿವೃತ್ತ ಮಾಸ್ತರರೊಬ್ಬರ ಹತ್ತಿರ ಒಯ್ದೆ. ಕನ್ನಡಕ ಏರಿಸಿ, ಚೀಲ, ರೂಪಾಯಿ ಅಂತ ಲೆಕ್ಕ ಓದುತ್ತ ಹೋದರು. ಒಂದು ಸಾಲಿನಲ್ಲಿ ನಿಂತರು.

"ಬಿಲ್ಲಿ ಚಲೋ, ಬಿಲ್ಲಿ ಇಲ್ಲಾ... ಬೆಕ್ಕಿಗಿ ನಡಿ ಅಂತಾನ, ಮತ್ತ ಇಲ್ಲ ಅಂತಾನ. ಏನಿದು?"

ಇನ್ನೊಮ್ಮೆ ಓದಿರಿ ಅಂದೆ. ಓದಿದರು. ಉರ್ದು ಲಿಪಿಯಲ್ಲಿ ನಮ್ಮ 'ಳ' ಇಲ್ಲ, ಹ್ರಸ್ವ 'ಎ'ಗೆ ಅಕ್ಷರ ಇಲ್ಲ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಲೆಕ್ಕ ಮಾತ್ರ ಉರ್ದು, ನಡುನಡುವೆ ಮುತ್ಯಾ ತನಗಾಗಿ ಬರೆದುಕೊಂಡ ಸಾಲೆಲ್ಲ ಕನ್ನಡ. ಬೆಳಿ ಚಲೋ, ಬೆಲಿ ಇಲ್ಲ.

ಮಾಸ್ತರರು ನಕ್ಕು ಚಹಾಕ್ಕೆ ಹೇಳಿದರು. ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ, ಈ ಸಲ ನಿಧಾನಕ್ಕೆ, ಒಂದೊಂದೇ ಸಾಲು ಓದತೊಡಗಿದರು. ಅವರು ಅಂದದ್ದನ್ನು ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳುತ್ತ ಹೋದೆ. ಹನ್ನೊಂದು ಪುಟ ಆಗಿದೆ.