ಸೆಮಿ ಆಟೋಮ್ಯಾಟಿಕ್ ರೈಫಲ್: ಬಿಡಿಭಾಗ ತಂದು ಜೋಡಿಸಬಹುದೇ, ಖರೀದಿಸಬೇಕೇ? ಭಾರತದ ಕಾನೂನು ಹೇಳುವುದೇನು?

ಹೊಸದಿಲ್ಲಿ: ಅಮೆರಿಕದ ಯೂಟ್ಯೂಬ್ ಚಾನೆಲ್‌ಗಳಲ್ಲಿ ಒಂದು ಬಗೆಯ ವಿಡಿಯೋಗಳಿಗೆ ಭಾರತದಲ್ಲೂ ನೋಡುಗರಿದ್ದಾರೆ. ಬ್ಯಾರೆಲ್ ಒಂದು ಕಂಪನಿಯದ್ದು, ಟ್ರಿಗರ್ ಇನ್ನೊಂದು ಕಂಪನಿಯದ್ದು, ಎಲ್ಲವನ್ನೂ ಮನೆಯ ಮೇಜಿನ ಮೇಲೆ ಜೋಡಿಸಿದರೆ ಎಆರ್-15 ಮಾದರಿಯ ರೈಫಲ್ ಸಿದ್ಧ. ರೆಡಿಮೇಡ್ ಖರೀದಿಸುವುದು ಲಾಭವೋ, ಜೋಡಿಸಿಕೊಳ್ಳುವುದು ಲಾಭವೋ ಎಂಬುದು ಅಲ್ಲಿನ ಹವ್ಯಾಸಿಗಳ ನಿತ್ಯದ ಚರ್ಚೆ. ಆದರೆ ದೆಹಲಿಯ ಪೀತಮ್‌ಪುರದಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಅದೇ ಕೆಲಸ ಮಾಡಿದರೆ ಕನಿಷ್ಠ 7 ವರ್ಷ ಜೈಲು ಕಾದಿರುತ್ತದೆ. ಶೂಟಿಂಗ್ ಕ್ರೀಡೆಯಲ್ಲಿ ಆಸಕ್ತಿ ಇರುವವರು ತಿಳಿದಿರಬೇಕಾದ ಅಂಶಗಳು ಇಲ್ಲಿವೆ.

ಸೆಮಿ ಆಟೋಮ್ಯಾಟಿಕ್ ಎಂದರೇನು?

ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ಣ ಆಟೋಮ್ಯಾಟಿಕ್. ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿ, ಮುಂದಿನ ಗುಂಡು ತಾನಾಗಿಯೇ ಲೋಡ್ ಆಗುವುದು ಸೆಮಿ ಆಟೋಮ್ಯಾಟಿಕ್. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕಾದದ್ದು ಬೋಲ್ಟ್ ಆ್ಯಕ್ಷನ್.

ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ ಪೂರ್ಣ ಆಟೋಮ್ಯಾಟಿಕ್ ಬಂದೂಕುಗಳು 'ನಿಷೇಧಿತ ಶಸ್ತ್ರ'. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು ಇರುವುದೂ ಅದೇ ಒಂದನೇ ವರ್ಗದಲ್ಲಿ, 'ನಿರ್ಬಂಧಿತ' ಶಸ್ತ್ರಗಳಾಗಿ. ಇವುಗಳಿಗೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಾಗಲಿ, ಪೊಲೀಸ್ ಆಯುಕ್ತರಿಗಾಗಲಿ ಇಲ್ಲ. ಕೇಂದ್ರ ಗೃಹ ಸಚಿವಾಲಯವೇ ತೀರ್ಮಾನಿಸಬೇಕು. ಜೀವಕ್ಕೆ ಗಂಭೀರ ಬೆದರಿಕೆ ಇರುವವರ ಅರ್ಜಿಗಳನ್ನೇ ಅಲ್ಲಿ ಮುಖ್ಯವಾಗಿ ಪರಿಗಣಿಸಲಾಗುತ್ತದೆ. ಹವ್ಯಾಸದ ಕಾರಣಕ್ಕೆ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಜೋಡಿಸುವುದೂ ತಯಾರಿಕೆಯೇ

ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ಮಾರುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಎಲ್ಲವೂ ಅಪರಾಧ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಕೆಯ ಪರವಾನಗಿ ಬೇರೆ. ಮೊದಲನೆಯದು ಇದೆ ಎಂದು ಎರಡನೆಯ ಕೆಲಸಕ್ಕೆ ಕೈ ಹಾಕುವಂತಿಲ್ಲ. ಬ್ಯಾರೆಲ್ ಕತ್ತರಿಸಿ ಗಿಡ್ಡ ಮಾಡುವುದು, ಆಟಿಕೆ ಅಥವಾ ನಕಲಿ ಬಂದೂಕನ್ನು ಅಸಲಿಯಾಗಿ ಬದಲಾಯಿಸುವುದಕ್ಕೆ ಸೆಕ್ಷನ್ 6 ಅನ್ವಯಿಸುತ್ತದೆ.

'ಇಡೀ ಬಂದೂಕು ತರಿಸಿಲ್ಲ, ಬಿಡಿಭಾಗ ಮಾತ್ರ ತರಿಸಿದ್ದೇನೆ' ಎಂಬ ವಾದವೂ ನಿಲ್ಲುವುದಿಲ್ಲ. ಕಾಯ್ದೆಯ ವ್ಯಾಖ್ಯಾನದಲ್ಲಿ ಬಂದೂಕು ಎಂದರೆ ಅದರ ಬಿಡಿಭಾಗಗಳು, ತಯಾರಿಸುವ ಯಂತ್ರಗಳು, ಸದ್ದು ಅಥವಾ ಬೆಂಕಿಯ ಮಿಂಚು ತಗ್ಗಿಸುವ ಸಾಧನಗಳೂ ಸೇರುತ್ತವೆ. ಲೇತ್‌ನಲ್ಲಿ ಮಾಡಿದರೂ, 3ಡಿ ಪ್ರಿಂಟರ್‌ನಲ್ಲಿ ಮಾಡಿದರೂ ಕಾನೂನಿನ ಕಣ್ಣಿಗೆ ಅದು ತಯಾರಿಕೆಯೇ.

2019ರ ತಿದ್ದುಪಡಿಗೆ ಮುನ್ನ ಅಕ್ರಮ ತಯಾರಿಕೆಗೆ 3ರಿಂದ 7 ವರ್ಷ ಶಿಕ್ಷೆ ಇತ್ತು. ಈಗ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಜೊತೆಗೆ ದಂಡ.

ಕಾನೂನಿನಾಚೆಗೆ ಸುರಕ್ಷತೆಯ ಪ್ರಶ್ನೆಯೂ ಇದೆ. ಗುಂಡು ಸಿಡಿಯುವಾಗ ಚೇಂಬರ್‌ನಲ್ಲಿ ಹುಟ್ಟುವ ಒತ್ತಡ ಅಗಾಧ. ಕಾರ್ಖಾನೆಗಳಲ್ಲಿ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿ ಮುದ್ರೆ ಹಾಕಿದ ಮೇಲೆಯೇ ಬಂದೂಕು ಮಾರಾಟಕ್ಕೆ ಬರುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಆ ಖಾತರಿ ಇಲ್ಲ. ಸಿಡಿದರೆ ಮೊದಲು ಪೆಟ್ಟು ಬೀಳುವುದು ಹಿಡಿದವರ ಕೈಗೆ, ಮುಖಕ್ಕೆ.

ಅಮೆರಿಕದಲ್ಲಿ ಹೇಗೆ ಸಾಧ್ಯ?

ಅಲ್ಲಿನ ಫೆಡರಲ್ ಕಾನೂನಿನಲ್ಲಿ, ಬಂದೂಕು ಹೊಂದಲು ಅರ್ಹನಾದ ವ್ಯಕ್ತಿ ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಬಂದೂಕು ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ. ಎಆರ್-15ರಲ್ಲಿ 'ಲೋವರ್ ರಿಸೀವರ್' ಎಂಬ ಒಂದು ಭಾಗವನ್ನಷ್ಟೇ ಬಂದೂಕು ಎಂದು ಪರಿಗಣಿಸಲಾಗುತ್ತದೆ. ಉಳಿದವು ಸಾಮಾನ್ಯ ಸರಕಿನಂತೆ ಬಿಕರಿಯಾಗುತ್ತವೆ. ಆದರೆ ಅಲ್ಲೂ ಬಿಗಿ ಹೆಚ್ಚುತ್ತಿದೆ. ಕ್ರಮಸಂಖ್ಯೆ ಇಲ್ಲದ 'ಘೋಸ್ಟ್ ಗನ್' ಕಿಟ್‌ಗಳ ಮೇಲೆ 2022ರಲ್ಲಿ ತಂದ ನಿಯಮವನ್ನು 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೆಲವು ರಾಜ್ಯಗಳ ಕಾನೂನು ಇನ್ನೂ ಕಠಿಣ.

ಕೊಡಗಿನ ವಿನಾಯಿತಿ ಇದಕ್ಕೆ ಅನ್ವಯಿಸುತ್ತದೆಯೇ?

ಇಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ವಜಾಗೊಳಿಸಿತು. ಆದರೆ ಈ ವಿನಾಯಿತಿ ಷರತ್ತುಗಳಿಗೆ ಒಳಪಟ್ಟು ಬಂದೂಕು ಹೊಂದುವುದಕ್ಕೆ ಮಾತ್ರ. ತಯಾರಿಕೆಗೆ ಅಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್‌ಗೆ ಪೂಜೆ ಸಲ್ಲಿಸುವ ಮನೆಯವರಿಗೂ ಮನೆಯಲ್ಲಿ ಬಂದೂಕು ತಯಾರಿಸುವ ಹಕ್ಕಿಲ್ಲ.

ಹಾಗಾದರೆ ಖರೀದಿಗೆ ಏನಿದೆ?

ಸಾಮಾನ್ಯ ನಾಗರಿಕರಿಗೆ ಸಿಗುವುದು 'ಎನ್‌ಪಿಬಿ', ಅಂದರೆ ನಿಷೇಧಿತವಲ್ಲದ ಬೋರ್‌ನ ಬಂದೂಕುಗಳು. ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಇವುಗಳಲ್ಲಿ ಹೆಸರುವಾಸಿ. ಅದು ಬೋಲ್ಟ್ ಆ್ಯಕ್ಷನ್. 'ಸ್ಪೋರ್ಟಿಂಗ್' ಎಂಬುದು ಬೇಟೆಯ ಕಾಲದಿಂದ ಉಳಿದ ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಹವ್ಯಾಸದ ಬೇಟೆಗೆ ಅವಕಾಶವಿಲ್ಲ.

* ಅರ್ಜಿ ಎಲ್ಲಿ: ಪೀತಮ್‌ಪುರದ ನಿವಾಸಿಯಾದರೆ ದೆಹಲಿ ಪೊಲೀಸ್ ಪರವಾನಗಿ ಘಟಕಕ್ಕೆ, ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರಿಗೆ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ.
* ವಯಸ್ಸು: 21 ತುಂಬಿರಬೇಕು. ಅದಕ್ಕಿಂತ ಕಿರಿಯರಿಗೆ ತರಬೇತಿಯ ವೇಳೆ ಬಳಸಲು ಮಾತ್ರ ಷರತ್ತುಬದ್ಧ ಅವಕಾಶ.
* ಪೊಲೀಸ್ ವರದಿ, ಸುರಕ್ಷತಾ ತರಬೇತಿ ಕಡ್ಡಾಯ.
* ಪರವಾನಗಿ ಅವಧಿ: 5 ವರ್ಷ, ನಂತರ ನವೀಕರಣ.
* ಎಷ್ಟು: ಒಬ್ಬರಿಗೆ ಎರಡು ಬಂದೂಕು. ಹಿರಿಯರಿಂದ ಬಂದದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಪದಕ ವಿಜೇತ ಶೂಟರ್‌ಗಳಿಗೆ ಪ್ರತ್ಯೇಕ ವಿನಾಯಿತಿ ಇದೆ.

ಕ್ರೀಡೆಗೆ ಸೆಮಿ ಆಟೋಮ್ಯಾಟಿಕ್ ಬೇಕೇ?

ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಿಗೆ ಬೇಡ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ತ್ರೀ ಪೊಸಿಷನ್‌ನಲ್ಲಿ. ಎರಡರಲ್ಲೂ ಒಂದೊಂದೇ ಗುಂಡು ತುಂಬಿ ಹೊಡೆಯುವ ರೈಫಲ್‌ಗಳೇ ಬಳಕೆ. ಸೆಮಿ ಆಟೋಮ್ಯಾಟಿಕ್ ಬೇಕಾಗುವುದು 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್‌ನಂಥ ಸ್ಪರ್ಧೆಗೆ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅದರಲ್ಲಿ.

ಹೊಸಬರಿಗೆ ಸುಲಭದ ದಾರಿ ಏರ್ ರೈಫಲ್. ಬೋರ್ .177 (4.5 ಮಿ.ಮೀ.) ಮೀರದೆ, ಶಕ್ತಿ 20 ಜೂಲ್ ದಾಟದೆ ಇದ್ದರೆ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ಹೆಚ್ಚು ಶಕ್ತಿ ಬರಲೆಂದು ಅದನ್ನು ಬಿಚ್ಚಿ ಬದಲಾಯಿಸಿ ಮಿತಿ ದಾಟಿದರೆ ಮಾತ್ರ ಮತ್ತೆ ಪರವಾನಗಿಯ ಕಟ್ಟಳೆಗೆ ಸಿಲುಕಬೇಕಾಗುತ್ತದೆ. ಮೈಕಟ್ಟಿಗೆ ಹೊಂದುವಂತೆ ಕೆನ್ನೆ ಆನಿಸುವ ಪಟ್ಟಿ, ಭುಜಕ್ಕೆ ಒರಗುವ ಬಟ್, ಗುರಿ ನೋಡುವ ಸೈಟ್ ಹೊಂದಿಸಿಕೊಳ್ಳುವುದು ಶೂಟರ್‌ಗಳಲ್ಲಿ ಸಾಮಾನ್ಯ. ಪರವಾನಗಿ ಬೇಕಾದ ಬಂದೂಕಿನ ಒಳಭಾಗದ ಯಾವುದೇ ಕೆಲಸವಿದ್ದರೂ ಅಧಿಕೃತ ಡೀಲರ್ ಬಳಿಗೇ ಒಯ್ಯಬೇಕು.

ಸ್ವಂತ ಬಂದೂಕು ಇಲ್ಲದೆಯೂ ಕಲಿಯಬಹುದು. 1982ರ ಏಷ್ಯನ್ ಗೇಮ್ಸ್‌ಗೆಂದು ದೆಹಲಿಯ ತುಘಲಕಾಬಾದ್‌ನಲ್ಲಿ ಕಟ್ಟಿದ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ದೇಶದ ಪ್ರಮುಖ ಅಭ್ಯಾಸ ತಾಣ. ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಸೇರಿದ ರಾಜ್ಯ ಸಂಸ್ಥೆ, ಕ್ಲಬ್‌ಗಳು ಕರ್ನಾಟಕದಲ್ಲೂ ಇವೆ. ಮೊದಲು ಕ್ಲಬ್‌ಗೆ ಸೇರಿ, ಕೋಚ್ ಬಳಿ ಕಲಿತು, ಯಾವ ಸ್ಪರ್ಧೆ ಎಂದು ನಿರ್ಧರಿಸಿದ ಮೇಲೆ ಖರೀದಿಗೆ ಇಳಿದರೆ ಹಣವೂ ಉಳಿಯುತ್ತದೆ, ಕಾನೂನಿನ ತೊಡಕೂ ಇರುವುದಿಲ್ಲ.